ಅಕ್ಕ ಹೇಳಿದ ಬಣ್ಣ

ಹೊನ್ನೂರಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಬಿಡುವಿಲ್ಲದೆ ಓಡಾಡುವ ದಿನಗಳು. ಮುಂದೆ ಹೋದ ಯಾವುದೋ ಗಾಡಿಯಿಂದ ಉದುರಿದ್ದ ಜಲ್ಲೆಗಳ ಮೇಲೆ ನನ್ನ ಸ್ಕೂಟರಿನ ಚಕ್ರ ಹತ್ತಿ ಜಾರಿತು. ಮೈಕೈಗೆ ತರಚು ಗಾಯ, ಅಷ್ಟೇ. ಆದರೆ ಬಾಯಿ ಹ್ಯಾಂಡಲ್ಲಿಗೆ ಬಡಿದು ಮೇಲ್ಸಾಲಿನ ಮುಂದಿನ ಎರಡು ಹಲ್ಲುಗಳು ಅರ್ಧಕ್ಕೂ ಹೆಚ್ಚು ಮುರಿದುಹೋಗಿದ್ದವು. ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಓಡಿ ಬಂದು ನೀರು ಕೊಟ್ಟರು. ಬಾಯಿ ಮುಕ್ಕಳಿಸಿ ಉಗಿದೆ. ಹಲ್ಲಿನ ಚೂರುಗಳು ಆ ನೀರಿನ ಜೊತೆಗೇ ಮಣ್ಣು ಸೇರಿದವು. ಅವನ್ನು ಎತ್ತಿಟ್ಟುಕೊಳ್ಳಬೇಕೆಂದು ಆಗ ಯಾರಿಗೆ ಹೊಳೆಯುತ್ತದೆ?

ಅವತ್ತಿನಿಂದ ನನ್ನ ನಾಲಗೆ ಸುಮ್ಮನಿರುವುದನ್ನು ಮರೆಯಿತು. ಊಟ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಯಾರಾದರೂ ಮಾತಾಡಿಸುವಾಗ ಅದು ಆ ಮೊಂಡು ಅಂಚಿಗೆ ಹೋಗಿ ಸವರಿ ಬರುತ್ತಿತ್ತು. ನಾನು ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡುವ ಕಿಟಕಿಯ ಹಿಂದೆ ಕೂರುವವನು. ಬೆಳಗಿನಿಂದ ಸಂಜೆಯವರೆಗೆ ಜನರ ಮುಖ ನೋಡಿಕೊಂಡೇ ಕೆಲಸ. ಕೊರೋನಾ ಕಾಲದಲ್ಲಿ ತಂದಿಟ್ಟಿದ್ದ ಮಾಸ್ಕುಗಳ ಪೊಟ್ಟಣ ಬೀರುವಿನಲ್ಲಿ ಉಳಿದಿತ್ತು, ಅದನ್ನು ತೆಗೆದು ಹಾಕಿಕೊಳ್ಳತೊಡಗಿದೆ. "ಏನ್ ಸಾ, ತಿರ್ಗಾ ಬಂದದಾ ಆ ಕಾಯ್ಲೆ?" ಎಂದು ರೈತರೊಬ್ಬರು ಎರಡು ಹೆಜ್ಜೆ ಹಿಂದೆ ಸರಿದು ನಿಂತು ಕೇಳಿದರು.

ನಿಜ ಹೇಳಬೇಕೆಂದರೆ ಬಾಯಿ ಮುಚ್ಚಿಕೊಳ್ಳುವುದು ನನಗೆ ಹೊಸದಲ್ಲ. ನಾನು ಮತ್ತು ನನ್ನ ಅಕ್ಕ ಹುಟ್ಟಿ ಬೆಳೆದದ್ದು ಹನೂರಿನಿಂದ ಒಳಕ್ಕೆ ಹೋಗುವ ಒಂದು ಸಣ್ಣ ಊರಿನಲ್ಲಿ. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂದು ನಮಗೆ ತಿಳಿದದ್ದು ಹಲ್ಲುಗಳೆಲ್ಲ ಬಂದು, ಕಂದು ಬಣ್ಣಕ್ಕೆ ತಿರುಗಿ ಎಷ್ಟೋ ವರ್ಷಗಳಾದ ಮೇಲೆ. ಸುಣ್ಣ ಮೆತ್ತಿದಂಥ ಬಿಳಿ ಮಚ್ಚೆಗಳು, ಅವುಗಳ ನಡುವೆ ಅಡ್ಡಡ್ಡ ಕಂದು ಗೆರೆಗಳು. ಇದ್ದಿಲು, ಉಪ್ಪು, ಬೂದಿ ಯಾವುದರಿಂದ ಉಜ್ಜಿದರೂ ಹೋಗುವಂಥದ್ದಲ್ಲ. ಅವ್ವ ಮಾತ್ರ ನಾಲೆ ನೀರಿನ ಊರಿನಿಂದ ಮದುವೆಯಾಗಿ ಬಂದವಳು, ಅವಳ ಹಲ್ಲು ಬೆಳ್ಳಗಿದ್ದವು. ಉಜ್ಜಿ ಉಜ್ಜಿ ಅಕ್ಕನ ಒಸಡಿನಲ್ಲಿ ರಕ್ತ ಬಂದ ದಿನ ಅವ್ವ ಇದ್ದಿಲಿನ ಡಬ್ಬಿಯನ್ನೇ ಹಿತ್ತಲಿಗೆ ಎಸೆದಿದ್ದಳು.

ಒಂದೇ ನೀರು ಕುಡಿದೆವು, ಒಂದೇ ಥರದ ಹಲ್ಲು ಬಂದವು. ಆದರೆ ಅದರಿಂದ ಇಬ್ಬರಿಗೂ ಆದದ್ದು ಒಂದೇ ಅಲ್ಲ. ಅಕ್ಕನನ್ನು ನೋಡಲು ಮೂರು ಕಡೆಯವರು ಬಂದರು. ಮೂರೂ ಸಲ ಅವಳು ತಲೆ ತಗ್ಗಿಸಿ ಕಾಫಿ ಕೊಟ್ಟಳು, ಮೂರೂ ಸಲ ಬಂದವರ ಪೈಕಿ ಯಾರೋ ಒಬ್ಬ ಹೆಂಗಸು ತಮಾಷೆ ಮಾಡಿ ಅವಳನ್ನು ನಗಿಸಿದಳು. "ಊರ್ಗೋಗಿ ಹೇಳಿ ಕಳಿಸ್ತೀವಿ" ಎಂದವರು ಯಾರೂ ಹೇಳಿ ಕಳಿಸಲಿಲ್ಲ. ನಾಲ್ಕನೆಯವರು ಬರುತ್ತಾರೆ ಎಂದಾಗ ಅಕ್ಕ, "ಇನ್ ಯಾರ್ ಮುಂದ್ಲೂವೆ ನಾನ್ ಕೂರಾಕಿಲ್ಲ" ಅಂದಳು. ಮುಂದೆ ಅಂಗನವಾಡಿ ಕೆಲಸ ಸಿಕ್ಕಿ ಕೌದಳ್ಳಿಯಲ್ಲಿ ಮನೆ ಮಾಡಿದಳು. ಈಗಲೂ ಅಲ್ಲೇ, ಒಬ್ಬಳೇ ಇದ್ದಾಳೆ. ನನ್ನ ಮದುವೆಯ ಮಾತುಕತೆಯಲ್ಲಿ ಹಲ್ಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಹುಡುಗನಿಗೆ ಸರ್ಕಾರಿ ಕೆಲಸ ಇತ್ತು.

ಕೊಳ್ಳೇಗಾಲದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ರೇಷ್ಮೆ ಸೀರೆ ಅಂಗಡಿಯೊಂದರ ಮಹಡಿಯ ಮೇಲೆ ಹಲ್ಲಿನ ಕ್ಲಿನಿಕ್ ಇದೆ. ಡಾಕ್ಟರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬೇರು ಗಟ್ಟಿಯಾಗಿದೆ, ರೂಟ್ ಕೆನಾಲ್ ಮಾಡಿ ಕ್ಯಾಪ್ ಕೂರಿಸೋಣ ಅಂದರು. ನಾಲ್ಕು ಸಲ ಓಡಾಡಿ ಆ ಕೆಲಸ ಮುಗಿದ ಮೇಲೆ, ಕೃತಕ ಹಲ್ಲುಗಳನ್ನು ಸಾಲಾಗಿ ಜೋಡಿಸಿದ್ದ ಒಂದು ಪಟ್ಟಿಯನ್ನು ನನ್ನ ಮುಂದೆ ಹಿಡಿದರು. ಒಂದೊಂದೂ ಒಂದೊಂದು ಬಿಳುಪು. ಒಂದು ಹಾಲಿನದು, ಒಂದು ಬೆಣ್ಣೆಯದು, ಒಂದು ಹಳೆಯ ಕಾಗದದ್ದು.

"ಯಾವ ಬಣ್ಣ ಇರಲಿ ಸರ್?"

"ಬಿಳಿ" ಎಂದೆ, ಅವರು ಕೇಳಿ ಮುಗಿಸುವ ಮೊದಲೇ.

"ಅಕ್ಕಪಕ್ಕದ ಹಲ್ಲುಗಳ ಜೊತೆ ಹೊಂದಲ್ಲ. ಬೇಕಾದ್ರೆ ಅವನ್ನೂ ಸ್ವಲ್ಪ ತೇಯ್ದು ಮೇಲೆ ತೆಳು ಹೊದಿಕೆ ಕೂರಿಸ್ಬಹುದು. ಅವಸರ ಇಲ್ಲ. ಸದ್ಯಕ್ಕೆ ಪ್ಲಾಸ್ಟಿಕ್ ಕ್ಯಾಪ್ ಹಾಕ್ತೀನಿ, ಬಿಳೀದೇ. ಹತ್ತು ದಿನ ಇಟ್ಕೊಂಡು ನೋಡಿ."

ಆ ಹತ್ತು ದಿನ ನಾನು ನೋಡಿದ್ದೇ ನೋಡಿದ್ದು. ಸ್ಕೂಟರಿನ ಕನ್ನಡಿಯಲ್ಲಿ, ಸ್ಟೀಲ್ ತಟ್ಟೆಯಲ್ಲಿ, ಆರಿದ ಫೋನಿನ ಕಪ್ಪು ಗಾಜಿನಲ್ಲಿ. ಬಿಳಿ ಹಲ್ಲು ಬಂದರೆ ಬಾಯಿ ತುಂಬ ನಗಬಹುದು ಎಂದುಕೊಂಡಿದ್ದವನಿಗೆ ಆದದ್ದೇ ಬೇರೆ. ಆ ಎರಡರ ಬಿಳುಪಿನ ಪಕ್ಕದಲ್ಲಿ ಉಳಿದವೆಲ್ಲ ಇನ್ನಷ್ಟು ಕಂದಾಗಿ ಕಂಡವು. ಪಹಣಿಗೆ ಬಂದವರು ನನ್ನ ಕಣ್ಣು ಬಿಟ್ಟು ಬಾಯಿಯನ್ನೇ ನೋಡುತ್ತ ಮಾತಾಡುತ್ತಿದ್ದಾರೆ ಅನ್ನಿಸಿ ಮಾಸ್ಕನ್ನು ಮತ್ತೆ ಏರಿಸಿಕೊಂಡೆ. ಹೆಂಡತಿ ಎರಡು ದಿನ ತಡೆದುಕೊಂಡಿದ್ದು ಮೂರನೆಯ ದಿನ, "ರೀ, ಬೇಜಾರ್ ಮಾಡ್ಕೋಬೇಡಿ, ಬೇರೆ ಯಾರ್ದೋ ಹಲ್ಲು ಹಾಕ್ಕೊಂಡು ಬಂದಂಗಿದೆ" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಗಟ್ಟಿಯಾಗಿರುವ ಉಳಿದ ಹಲ್ಲುಗಳನ್ನು ತೇಯಿಸುವುದಕ್ಕೆ ಮನಸ್ಸು ಒಪ್ಪಲಿಲ್ಲ. ಹನ್ನೊಂದನೆಯ ದಿನ ಕೊಳ್ಳೇಗಾಲಕ್ಕೆ ಹೋಗಿ, "ಮೊದ್ಲು ಹೆಂಗಿತ್ತೋ ಹಂಗೇ ಮಾಡ್ಬಿಡಿ" ಎಂದೆ.

ಡಾಕ್ಟರು ನನ್ನ ಅಕ್ಕಪಕ್ಕದ ಹಲ್ಲುಗಳನ್ನು ಇನ್ನೊಮ್ಮೆ ನೋಡಿದರು. "ಬಿಳಿ ಹಲ್ಲು ಮಾಡೋದು ಸುಲಭ ಸರ್. ಮಚ್ಚೆ ಇರೋದು ಮಾಡೋದೇ ಕಷ್ಟ. ಪಕ್ಕದ ಹಲ್ಲು ನೋಡಿದ್ರೆ ಬಣ್ಣ ಗೊತ್ತಾಗುತ್ತೆ, ಆದ್ರೆ ಈ ನಡುವಿನ ಎರಡರಲ್ಲಿ ಗೆರೆ ಎಲ್ಲಿತ್ತು, ಮಚ್ಚೆ ಎಷ್ಟಿತ್ತು ಅಂತ ಗೊತ್ತಾಗ್ಬೇಕಲ್ಲ. ನೀವು ನಗ್ತಿರೋ ಫೋಟೋ ಯಾವುದಾದ್ರೂ ತನ್ನಿ."

ಅವತ್ತು ಸಂಜೆ ನಾನೂ ಹೆಂಡತಿಯೂ ನೆಲದ ಮೇಲೆ ಆಲ್ಬಮ್ಮುಗಳನ್ನು ಹರಡಿಕೊಂಡು ಕೂತೆವು. ಮದುವೆಯದು, ಮಗಳ ನಾಮಕರಣದ್ದು, ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗಿನದು, ಕಚೇರಿಯ ಬೀಳ್ಕೊಡುಗೆಗಳದು. ಹೆಂಡತಿ ಪುಟ ತಿರುಗಿಸುತ್ತ ತಿರುಗಿಸುತ್ತ ನಿಂತಳು. "ಒಂದ್ರಲ್ಲೂ ನಕ್ಕಿಲ್ವಲ್ರೀ ನೀವು!" ಇಪ್ಪತ್ತೆರಡು ವರ್ಷ ಜೊತೆಗಿದ್ದವಳಿಗೆ ಅದು ಅವತ್ತೇ ಕಂಡದ್ದು.

ಫೋಟೋ ಇಲ್ಲವೆಂದು ಫೋನಿನಲ್ಲಿ ಹೇಳಿದಾಗ ಡಾಕ್ಟರು ಕೇಳಿದರು, "ಅದೇ ನೀರು ಕುಡಿದು ಬೆಳೆದೋರು ಮನೇಲಿ ಬೇರೆ ಯಾರಾದ್ರೂ ಇದ್ದಾರಾ?"

ಭಾನುವಾರ ಕೌದಳ್ಳಿಗೆ ಹೊರಟೆ. ಕೌದಳ್ಳಿ ದಾಟಿ ಬೆಟ್ಟದ ದೇವಸ್ಥಾನಕ್ಕೆ ಹೋಗುವ ಜನರಿಂದ ಬಸ್ಸು ತುಂಬಿತ್ತು. ಕೊಳ್ಳೇಗಾಲದಿಂದ ಹನೂರಿನವರೆಗೆ ನಿಂತು, ಹನೂರಿನಿಂದ ಮುಂದಕ್ಕೆ ಅರ್ಧ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಅಕ್ಕನಿಗೆ ಹೇಗೆ ಹೇಳಲಿ ಎಂದು ಮಾತು ಜೋಡಿಸಿದೆ, ಕೆಡಿಸಿದೆ. ಮೂರು ಸಲ ಸೆರಗಿನ ಹಿಂದೆ ಬಾಯಿ ಮುಚ್ಚಿಕೊಂಡು ಅತ್ತವಳಿಗೆ, ಬಾ, ಬಂದು ಬಾಯಿ ತೆರೆದು ತೋರಿಸು ಎನ್ನುವುದು ಹೇಗೆ?

ಅಕ್ಕ ಜಗಲಿಯ ಮೇಲೆ ಕೂತು ಅಂಗನವಾಡಿಯ ಗೋಡೆಗೆ ಅಂಟಿಸಲು ತರಕಾರಿ ಚಿತ್ರಗಳನ್ನು ಕತ್ತರಿಸುತ್ತಿದ್ದಳು.

"ಅದ್ಯಾಕ್ಲಾ ಮೊಕಕ್ಕ ಬಟ್ಟ ಕಟ್ಕಂಡಿದ್ದೀಯ? ತಗಿ."

ಮಾಸ್ಕ್ ತೆಗೆದೆ. ಆ ಎರಡು ಬಿಳಿ ಹಲ್ಲು ನೋಡಿ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. "ಚೆಂದಾಗವೆ ಕಣ್ಲಾ" ಅಂದಳು.

"ಇವನ್ನ ತೆಗೆಸ್ತಾ ಇದೀನಿ ಅಕ್ಕ. ಮೊದ್ಲಿನ ಬಣ್ಣದ್ದೇ ಹಾಕಿಸ್ಕೋತೀನಿ. ಅದಕ್ಕೆ ಡಾಕ್ಟ್ರು ನಿನ್ ಹಲ್ಲು ನೋಡ್ಬೇಕಂತೆ."

ಕತ್ತರಿ ನಿಂತಿತು. "ನಿಂಗ ತಲ ಕೆಟ್ಟದಾ? ಬಿಳಿ ಹಲ್ಲು ಸಿಕ್ಕವೆ, ಸುಮ್ಗ ಮಡಿಕ. ಕಾಸು ಕೊಟ್ಟು ಯಾರಾರೂ ಕೊಳಕು ಹಲ್ಲು ಮಾಡುಸ್ಕತರಾ?"

"ಹೊಂದಲ್ಲ ಅಕ್ಕ."

"ಯಾವುದ್ಕ ಹೊಂದಲ್ಲ?"

"ಪಕ್ಕದ ಹಲ್ಲಿಗೆ."

"ನಿಂಗ ಪಕ್ಕದ ಹಲ್ಲಿನ ಚಿಂತ. ನಾನು ಬಾಯ್ ತಗ್ದು ತೋರುಸ್ಬೇಕು. ಇನ್ನೂ ಯಾರ್ ಯಾರ್ ಮುಂದ ತೋರುಸ್ಲಿ, ಹೇಳು?"

ಚಿತ್ರಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಗಾಳಿಗೆ ಒಂದು ಬದನೆಕಾಯಿ, ಒಂದು ಟೊಮೆಟೊ ಹಾರಿಹೋಗುತ್ತಿದ್ದವು. ಹಿಡಿದು ಹಿಡಿದು ಕತ್ತರಿಯ ಕೆಳಗೆ ಇಟ್ಟೆ. ಎದ್ದು ಹೋಗೋಣವೆನ್ನಿಸಿತು, ಹೋಗಲಾಗಲಿಲ್ಲ. ಹನೂರಿನ ಬಸ್ಸೊಂದು ಬಂದು ಹೋಯಿತು. ಕೊನೆಗೆ ಅಕ್ಕ ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದೆ ಕುಕ್ಕಿದಳು. "ಯಾವತ್ತು ಬರ್ಬೇಕು?" ಎಂದು ಕೇಳಿದಳು.

ಹಗಲಿನ ಬೆಳಕು ಚೆನ್ನಾಗಿರುವಾಗ ಬನ್ನಿ ಎಂದು ಡಾಕ್ಟರು ಹನ್ನೊಂದು ಗಂಟೆಗೆ ಕರೆದಿದ್ದರು. ಅಕ್ಕ ಅಂಗನವಾಡಿಗೆ ರಜೆ ಹಾಕಿ, ಗಿಳಿಹಸಿರಿನ ಸೀರೆ ಉಟ್ಟು ಬಂದಿದ್ದಳು. ಸೀರೆಯ ಬಣ್ಣ ಹಲ್ಲಿನ ಮೇಲೆ ಬೀಳುತ್ತದೆ ಎಂದು ಡಾಕ್ಟರು ಅವಳ ಕುತ್ತಿಗೆಯಿಂದ ಕೆಳಕ್ಕೆ ಬೂದು ಬಣ್ಣದ ಬಟ್ಟೆ ಹೊದಿಸಿದರು. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದ ಕೂಡಲೇ ಅಕ್ಕನ ಕೈ ಬಾಯಿಗೆ ಹೋಯಿತು. ಇಳಿಯಲಿಲ್ಲ. ಡಾಕ್ಟರು ಅವಸರ ಮಾಡಲಿಲ್ಲ. ಮೈಸೂರಿನ ಲ್ಯಾಬಿನಿಂದ ಬಂದಿದ್ದ ನನ್ನ ಎರಡು ಕ್ಯಾಪುಗಳನ್ನು ಅಂಗೈ ಮೇಲಿಟ್ಟು ತೋರಿಸಿದರು. "ನೋಡಿ ಅಮ್ಮ, ಇವು ಬರೀ ಹಲ್ಲು, ಇನ್ನೂ ಯಾರದೂ ಅಲ್ಲ. ಈ ಬಣ್ಣದ ಪುಡೀನ ಕಲಸಿ, ಈ ಕುಂಚದಲ್ಲಿ ಬರೆದು, ಅಲ್ಲಿರೋ ಓವನ್‌ನಲ್ಲಿ ಸುಡ್ತೀನಿ. ಸುಟ್ಟ ಮೇಲೆ ಬಣ್ಣ ಹೋಗಲ್ಲ." ಅಕ್ಕ ಕುಂಚವನ್ನು ನೋಡಿದಳು. ರಂಗೋಲಿಯ ಗೆರೆಗಿಂತ ಸಣ್ಣದನ್ನು ಎಳೆಯುವಂಥ ಕುಂಚ. ಆಮೇಲೆ ಕೈ ಇಳಿಸಿ ಬಾಯಿ ತೆರೆದಳು.

ಬಾಯಿ ಬಹಳ ಹೊತ್ತು ತೆರೆದರೆ ಹಲ್ಲು ಒಣಗಿ ಬಣ್ಣ ತಪ್ಪಾಗಿ ಕಾಣುತ್ತದಂತೆ. ಹಾಗಾಗಿ ಅರ್ಧ ನಿಮಿಷ ನೋಡುವುದು, ಬಾಯಿ ಮುಚ್ಚಿ ನಾಲಗೆಯಲ್ಲಿ ಸವರಿಕೊಳ್ಳಿ ಅನ್ನುವುದು, ಮತ್ತೆ ನೋಡುವುದು. ಡಾಕ್ಟರು ಮೊದಲ ಸಲ ಬರೆದು ಸುಟ್ಟು ತೆಗೆದಾಗ ನಾನು, "ಸರಿಯಾಗಿದೆ, ಸಾಕು" ಎಂದೆ.

"ಇಲ್ಲ" ಅಂದಳು ಅಕ್ಕ. ಅವತ್ತು ಕ್ಲಿನಿಕ್ಕಿನಲ್ಲಿ ಅವಳಾಡಿದ ಮೊದಲ ಮಾತು. ಕಿರುಬೆರಳಿನ ಉಗುರಿನಿಂದ ತೋರಿಸಿದಳು. "ಗೆರ ಇಷ್ಟು ಕೆಳಕ ಬರಾಕಿಲ್ಲ ಕಣವ್ವ, ಇಲ್ಲಿಗೇ ನಿಂತ್ಕತದ. ಆಚ ಹಲ್ಲಲ್ಲಿ ಅದೇ ಗೆರ ಎರಡಾಗಿ ಒಡೀತದ. ಕಂದೂ ಒಂದೇ ಕಂದಲ್ಲ. ನಡುವ ಬೆಲ್ಲದ ಪಾಕದಂಗ, ಅಂಚ್ಗೋದಂಗೆಲ್ಲ ಹುಣ್ಸ ನೀರ್ನಂಗ ತಿಳಿ."

ಡಾಕ್ಟರು ಬೆರಗಾಗಿ ಕೈಗನ್ನಡಿ ಕೊಡಲು ಹೋದರು. "ಕನ್ನಡಿ ಬ್ಯಾಡ. ನಲವತ್ ವರ್ಸದಿಂದ ನೋಡಿವ್ನಿ."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕೆಲಸ ಸಿಕ್ಕಿ, ಮದುವೆಯಾಗಿ, ನಾನು ನನ್ನ ಹಲ್ಲುಗಳನ್ನು ನೋಡುವುದನ್ನೇ ಬಿಟ್ಟಿದ್ದೆ. ಅವು ಹೇಗಿದ್ದವೆಂದು ಕೇಳಿದರೆ ಕಂದು ಎಂಬ ಒಂದು ಪದ ಬಿಟ್ಟು ನನ್ನ ಬಳಿ ಏನೂ ಇರಲಿಲ್ಲ. ಅವಳು ಬೇಡವೆನ್ನುತ್ತಲೇ ದಿನಾ ಬೆಳಿಗ್ಗೆ ತನ್ನ ಹಲ್ಲುಗಳನ್ನು ನೋಡಿಕೊಂಡು ಬಂದಿದ್ದಳು.

ಮೂರು ಸಲ ಬರೆದು ಮೂರು ಸಲ ಸುಟ್ಟರು. ಅಕ್ಕ ಕುರ್ಚಿಯಿಂದೆದ್ದು ಡಾಕ್ಟರ ಭುಜದ ಹಿಂದೆ ನಿಂತು, "ಇಲ್ಲಿ ವಸಿ ಸುಣ್ಣದ ಬಣ್ಣ," "ಅಲ್ಲಿ ಒರಸ್ಬುಡಿ" ಎಂದು ಹೇಳುತ್ತ ಹೋದಳು. ಕೊನೆಗೆ ಡಾಕ್ಟರು ಕ್ಯಾಪುಗಳನ್ನು ನನ್ನ ಬಾಯಿಗೆ ಕೂರಿಸಿ ಬಾಲ್ಕನಿಗೆ ಕರೆದೊಯ್ದರು. ಟ್ಯೂಬ್‌ಲೈಟಿನ ಕೆಳಗೆ ಒಂದು ಬಣ್ಣ, ಬಿಸಿಲಿನಲ್ಲಿ ಒಂದು ಬಣ್ಣ ಆಗಬಾರದಲ್ಲ. ಕೆಳಗೆ ಸೀರೆ ಅಂಗಡಿಯವರೂ ಒಬ್ಬ ಗಿರಾಕಿಗೆ ಸೀರೆಯನ್ನು ಬೀದಿಗೆ ತಂದು ಬಿಡಿಸಿ ತೋರಿಸುತ್ತಿದ್ದರು. ಅಕ್ಕ ನನ್ನ ಬಾಯಿ ನೋಡಿದಳು. "ಹೂಂ, ಇದೇ" ಅಂದು ಮುಖ ತಿರುಗಿಸಿ ರಸ್ತೆ ನೋಡುತ್ತ ನಿಂತಳು.

ಡಾಕ್ಟರು ಕೈ ಒರೆಸಿಕೊಳ್ಳುತ್ತ, "ಅಮ್ಮ, ನಿಮಗೂ ಇಷ್ಟ ಇದ್ರೆ ಬಿಳೀದು ಮಾಡ್ಬಹುದು" ಅಂದರು.

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನಾನೇ ನಕ್ಕು, "ಅವಳಿಗೆ ಈ ವಯಸ್ಸಲ್ಲಿ ಇದೆಲ್ಲ ಯಾಕೆ ಡಾಕ್ಟ್ರೇ" ಎಂದುಬಿಟ್ಟೆ.

ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಬಸ್ ನಿಲ್ದಾಣದಲ್ಲಿ ಕಾಫಿ ಕುಡಿ ಎಂದರೆ ಬೇಡವೆಂದಳು. ಹನೂರಿನ ಬಸ್ಸು ಹತ್ತಿ ಆ ಕಡೆಯ ಕಿಟಕಿಗೆ ಕೂತಳು. ಬಸ್ಸು ಹೊರಟರೂ ಈ ಕಡೆ ತಿರುಗಲಿಲ್ಲ.

ಕ್ಯಾಪುಗಳನ್ನು ಅಂಟಿಸಿಯಾಯಿತು. ಮಾಸ್ಕ್ ಇಲ್ಲದೆ ಕಚೇರಿಯ ಕಿಟಕಿಯ ಹಿಂದೆ ಕೂತೆ. ಯಾರೂ ಏನೂ ಗಮನಿಸಲಿಲ್ಲ. ನಾನು ಬೇಡಿದ್ದೂ ಅದನ್ನೇ. ಆದರೂ ನೆಮ್ಮದಿಯಾಗಲಿಲ್ಲ. ಮೊಂಡು ಅಂಚು ಹೋಗಿ ನುಣುಪಾದ ಹಲ್ಲು ಬಂದಿದ್ದರೂ ನಾಲಗೆ ಅಲ್ಲಿಗೇ ಹೋಗಿ ಬರುತ್ತಿತ್ತು. ಅಕ್ಕನಿಗೆ ಫೋನ್ ಮಾಡಿದರೆ, "ಮಕ್ಳವೆ, ಆಮೇಕ ಮಾತಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದಳು. ಆಮೇಲೆ ಮಾಡುತ್ತಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಅವಳ ಫೋನು ಹತ್ತದೆ ಪಕ್ಕದ ಮನೆಗೆ ಮಾಡಿದರೆ, "ಟೀಚರು ಕೊಳ್ಳೇಗಾಲಕ್ಕೋಗವ್ರೆ, ಹೋದ್ ವಾರ್ವೂ ಓಗಿದ್ರು, ಆಸ್ಪತ್ರೆಗೆ ಅಂದ್ರಪ್ಪ" ಅಂದರು. ಅವಳಿಗೆ ಏನಾಗಿದೆ, ನನಗೇಕೆ ಹೇಳುತ್ತಿಲ್ಲ? ನನಗೆ ತಿಳಿದ ರೋಗಗಳನ್ನೆಲ್ಲ ಒಂದೊಂದಾಗಿ ಅವಳಿಗೆ ಹಚ್ಚಿ ನೋಡಿದೆ. ಸೋಮವಾರ ರಜೆ ಬರೆದುಕೊಟ್ಟು ನೇರವಾಗಿ ಕೌದಳ್ಳಿಯ ಅಂಗನವಾಡಿಗೇ ಹೋದೆ.

ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದವು. ನಡುವೆ ಅಕ್ಕ ಕಪ್ಪೆಯಂತೆ ಕುಪ್ಪಳಿಸಿ ತೋರಿಸುತ್ತಿದ್ದಳು. ಕುಪ್ಪಳಿಸಿ ಬಾಗಿಲ ಕಡೆ ತಿರುಗಿದಾಗ ನಗುತ್ತಿದ್ದಳು. ಮೇಲ್ಸಾಲಿನ ಹಲ್ಲುಗಳೆಲ್ಲ ಬೆಳ್ಳಗಿದ್ದವು. ನನ್ನನ್ನು ಕಂಡು ಕೈ ಬಾಯಿಯ ಹತ್ತಿರದವರೆಗೂ ಬಂತು, ಮತ್ತೆ ಕೆಳಗಿಳಿಯಿತು.

ಮಕ್ಕಳಿಗೆ ಊಟ ಬಡಿಸಿ, ಅವರನ್ನು ಸಹಾಯಕಿಗೆ ಒಪ್ಪಿಸಿ ಹೊರಗೆ ಬಂದವಳಿಗೆ ನಾನು ಚೆನ್ನಾಗಿದೆ ಎನ್ನಲಿಲ್ಲ. "ಯಾಕಕ್ಕ ನಂಗೊಂದು ಮಾತು ಹೇಳ್ಲಿಲ್ಲ?" ಎಂದೆ.

"ಏಳಿದ್ರ ನೀನೂ ಬತ್ತಿದ್ದ."

"ಬಂದ್ರೆ ಏನಾಗ್ತಿತ್ತು?"

"ಬಣ್ಣ ನೀನೇ ಏಳ್ತಿದ್ದ."

ಉಳಿದದ್ದನ್ನು ತಾನಾಗಿಯೇ ಹೇಳಿದಳು. ನಾಲ್ಕು ಸಲ ಒಬ್ಬಳೇ ಹೋಗಿ ಬಂದಿದ್ದಳು. ನಿಮ್ಮ ವಯಸ್ಸಿಗೆ ವಸಿ ಹಳದಿ ಬೆರೆತದ್ದು ಒಪ್ಪುತ್ತದೆ ಎಂದು ಡಾಕ್ಟರು ಬಹಳ ಹೇಳಿದರಂತೆ. ಇವಳು ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೆಳ್ಳಗಿದ್ದ ಮೊದಲನೆಯದಕ್ಕೇ ಬೆರಳಿಟ್ಟಳಂತೆ. "ಎಲ್ರ ಕಣ್ಗೂ ಬೀಳ್ತದ ಅಮ್ಮ ಅಂದ್ರು. ಬೀಳ್ಲಿ ಬುಡವ್ವ ಅಂದಿ ನಾನು."

ಕೆಳಸಾಲು ಇನ್ನೂ ಕಂದಾಗಿಯೇ ಇತ್ತು. ಮಾತಾಡುವಾಗ ಎರಡೂ ಸಾಲು ಕಾಣುತ್ತಿದ್ದವು. ಬಿಳುಪು ಹೆಚ್ಚಾಯಿತು, ಹೊಂದಿಲ್ಲ ಎಂದು ನನ್ನ ಕಣ್ಣು ಹೇಳುತ್ತಲೇ ಇತ್ತು. ಬಾಯಿಂದ ಹೊರಗೆ ಬಿಡಲಿಲ್ಲ.

"ಅವತ್ತು ನಾನು ಹಂಗನ್ನಬಾರ್ದಿತ್ತು ಅಕ್ಕ."

ಯಾವತ್ತು ಎಂದು ಅವಳು ಕೇಳಲಿಲ್ಲ. "ನೀನ್ ಅಂದಿದ್ಕೇ ನಾನು ಹೋದಿ ಕಣ್ಲಾ. ನಂಗೂ ಬ್ಯಾಡ ಅಂತ್ಲೇ ಬಾಯಿಗ್ ಬಂದಿತ್ತು. ನೀನ್ ಅಂದುದ್ ಕೇಳ್ದಾಗ ಮೈ ಉರೀತು."

ಊಟಕ್ಕೆ ನಿಲ್ಲು ಎಂದಳು. ನಿಂತೆ. ಮುದ್ದೆಯ ಜೊತೆ ಉಪ್ಸಾರು. ಊಟದ ನಡುವೆ ಯಾವುದೋ ಮಗುವಿನ ತುಂಟತನ ಹೇಳಿ ಜೋರಾಗಿ ನಕ್ಕಳು. ಅವಳ ನಗುವಿಗೆ ಇಷ್ಟು ದೊಡ್ಡ ದನಿಯಿದೆಯೆಂದು ನನಗೆ ಗೊತ್ತಿರಲಿಲ್ಲ. ಸಂತೋಷವಾಯಿತು, ಒಳಗೆಲ್ಲೋ ಚುಚ್ಚಿತು ಕೂಡ. ಊರಿಗೆ ಬಂದ ಮೇಲೆ ಡಾಕ್ಟರಿಗೆ ಫೋನ್ ಮಾಡಿ, ನನ್ನ ಕ್ಯಾಪಿನ ಬಣ್ಣ ಬದಲಿಸಬಹುದೇ ಎಂದು ಕೇಳಿದೆ. "ಕತ್ತರಿಸಿ ತೆಗೀಬೇಕಾಗುತ್ತೆ ಸರ್, ಒಳಗಿನ ಹಲ್ಲಿಗೆ ಒಳ್ಳೇದಲ್ಲ. ಬಣ್ಣ ಸರಿ ಇಲ್ವಾ?" ಅಂದರು. ಬಣ್ಣ ಸರಿಯಾಗಿಯೇ ಇದೆ ಎಂದೆ.

ಹೋದ ತಿಂಗಳು ಅಕ್ಕನೇ ಫೋನ್ ಮಾಡಿದಳು. "ಕೆಳ್ಗಿನ ಸಾಲೂ ಮಾಡುಸ್ತಾ ಇವ್ನಿ. ಶನ್ವಾರ ಓಯ್ತೀನಿ, ಬತ್ತೀಯಾ?"

"ಬರ್ತೀನಿ."

"ಬಂದ್ರ ಒರ್ಗಡ ಕೂತ್ಗಬೇಕು."

ಹೋದೆ, ಹೊರಗಡೆಯ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಅಕ್ಕನ ದನಿಯೂ ಡಾಕ್ಟರ ದನಿಯೂ ಕೇಳುತ್ತಿದ್ದವು, ಮಾತು ಸ್ಪಷ್ಟವಾಗುತ್ತಿರಲಿಲ್ಲ. ಎದ್ದು ಬಾಲ್ಕನಿಗೆ ಹೋದೆ, ಬಂದು ಕೂತೆ, ಮತ್ತೆ ಎದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ತಳ್ಳಿದರೆ ತೆರೆಯುತ್ತಿತ್ತು. ಅಕ್ಕ ಯಾವುದಕ್ಕೋ "ಇಲ್ಲ, ಇಲ್ಲ, ಅದಲ್ಲ" ಎನ್ನುವುದು ಕೇಳಿಸಿತು. ನಾನು ಹೋಗಿ ಬೆಂಚಿನ ಮೇಲೆ ಕೂತುಕೊಂಡೆ.